ಪರದೆ ಮೇಷ್ಟ್ರು ಮೊದಲು ಕೇಳಿದ್ದು ದೀಪದ ಬಗ್ಗೆ

ನಮ್ಮ ಹವ್ಯಾಸಿ ತಂಡ ಕಂಪನಿ ನಾಟಕದ ಶೈಲಿಯಲ್ಲಿ ಒಂದು ಪೌರಾಣಿಕವನ್ನು ಆಡಬೇಕೆಂದು ತೀರ್ಮಾನಿಸಿದಾಗ ಆ ಶೈಲಿ ಯಾವುದೆಂಬ ಬಗ್ಗೆ ನಮ್ಮಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಣ್ಣ ಬರೆದ ಸುರುಳಿ ಪರದೆಗಳು, ಸೈಡ್‌ವಿಂಗ್‌ಗಳು, ಕಾಲಿನ ಹಾರ್ಮೋನಿಯಂ, ಜರಿಯ ಪೋಷಾಕು, ರಂಗದ ಮುಂಭಾಗಕ್ಕೆ ಬಂದು ಸಭೆಗೆ ಎದೆಕೊಟ್ಟು ನಿಂತು ಹೇಳುವ ಮಾತು, ಇವಿಷ್ಟನ್ನು ಕೂಡಿಸಿದರೆ ಹಳೆಯ ರಂಗಭೂಮಿ ತಾನಾಗಿಯೇ ಎದ್ದು ನಿಲ್ಲುತ್ತದೆ ಎಂದು ನಂಬಿದ್ದೆವು. ದರ್ಬಾರಿನ ಪರದೆ ಬರೆಸಲು ಶ್ರೀರಾಮಪುರದಲ್ಲಿದ್ದ ಒಬ್ಬ ಹಿರಿಯರ ಮನೆಗೆ ಹೋದೆವು. ಅವರು ಯೌವನದಲ್ಲಿ ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದ ಕಂಪನಿಗಳಿಗೆ ಪರದೆ ಬರೆದವರು. ನಾವು ತೋರಿಸಿದ ಹಳೆಯ ಫೋಟೋಗಳನ್ನು ಅವರು ಬದಿಗಿಟ್ಟು, "ಪರದೆ ಬರೀತೀನಪ್ಪ, ಅದಕ್ಕೇನಂತೆ. ದೀಪ ಯಾವುದು, ಎಲ್ಲಿಂದ ಬೀಳುತ್ತೆ, ಮೊದಲನೇ ಸಾಲು ಎಷ್ಟು ಅಡಿ ದೂರ, ಅದನ್ನ ಹೇಳಿ ಮೊದಲು" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. "ಆಮೇಲೆ ನೋಡಿಕೊಳ್ಳೋಣ ಮೇಷ್ಟ್ರೇ" ಎಂದುಬಿಟ್ಟೆವು.

ನಗರದ ಒಂದು ಹವಾನಿಯಂತ್ರಿತ ಸಭಾಂಗಣದಲ್ಲಿ ಆ ಪರದೆ ಮೊದಲ ಬಾರಿಗೆ ಇಳಿದಾಗ ನಮ್ಮ ಮುಖ ಬಾಡಿತು. ಮೇಲಿನಿಂದಲೂ ಪಕ್ಕದಿಂದಲೂ ಬೀಳುತ್ತಿದ್ದ ಬಿಳಿಯ ಎಲ್‌ಇಡಿ ಬೆಳಕಿನಲ್ಲಿ ಬಟ್ಟೆಯ ಪ್ರತಿಯೊಂದು ಸುಕ್ಕೂ ಎದ್ದು ಕಾಣುತ್ತಿತ್ತು. ಕಂಬಗಳ ನೆರಳನ್ನು ಮೇಷ್ಟ್ರು ಬಣ್ಣದಲ್ಲಿ ಒಂದು ದಿಕ್ಕಿಗೆ ಬರೆದಿದ್ದರೆ ಪಾತ್ರಧಾರಿಗಳ ನಿಜವಾದ ನೆರಳು ಇನ್ನೊಂದು ದಿಕ್ಕಿಗೆ ಬೀಳುತ್ತಿತ್ತು. ಹಿಂದಿನ ಸಾಲಿಗೆ ಮಾತು ಕೇಳಿಸದೆ ಎಲ್ಲರ ಕಿವಿಯ ಬಳಿ ಮೈಕು ಅಂಟಿಸಿದೆವು. ಅಷ್ಟಾದ ಮೇಲೆ ಉಳಿದದ್ದು ಪೋಷಾಕು ಮಾತ್ರ.

ಮರುದಿನ ತಾಲೀಮಿಗೆ ಬಂದ ಮೇಷ್ಟ್ರು ಎಲ್ಲ ದೀಪಗಳನ್ನೂ ಆರಿಸಿಸಿ, ರಂಗದ ಅಂಚಿನಲ್ಲಿ ನೆಲಮಟ್ಟದಲ್ಲಿ ಹಳದಿ ಬಲ್ಬುಗಳ ಒಂದು ಸಾಲನ್ನು ಇಡಿಸಿ, ಅವುಗಳ ಮುಂದೆ ಒಂದು ತಗಡಿನ ಪಟ್ಟಿಯನ್ನು ಅಡ್ಡ ನಿಲ್ಲಿಸಿದರು. ಕೆಳಗಿನಿಂದ ಸಮನಾಗಿ ಏರಿದ ಆ ಬೆಳಕಿನಲ್ಲಿ ಸುಕ್ಕುಗಳು ಕರಗಿ, ದರ್ಬಾರಿನ ಕಂಬಗಳು ಒಂದರ ಹಿಂದೊಂದು ನಿಂತವು. ಆದರೆ ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಆ ಬೆಳಕು ರಂಗದ ಮುಂದಿನ ನಾಲ್ಕೈದು ಅಡಿಗಳಲ್ಲಿ ಮಾತ್ರ ಮುಖವನ್ನು ತೋರಿಸುತ್ತಿತ್ತು. ಯಾರೂ ಹೇಳದೆಯೇ ಪಾತ್ರಧಾರಿಗಳು ಮಾತಿನ ಹೊತ್ತಿಗೆ ಮುಂದೆ ಬಂದರು, ಸಾಲಾಗಿ ನಿಂತರು, ಒಬ್ಬರನ್ನೊಬ್ಬರು ನೋಡುವ ಬದಲು ಸಭೆಯತ್ತ ತಿರುಗಿದರು. ನಾವು ಇಷ್ಟು ವರ್ಷ ಕಂಪನಿಯವರ 'ಅಭಿನಯದ ದೋಷ' ಎಂದು ಆಡಿಕೊಂಡದ್ದು, ಈ ಸಲ 'ಶೈಲಿ' ಎಂದು ಅನುಕರಿಸಲು ಹೊರಟದ್ದು, ಎರಡೂ ಅಲ್ಲ ಎಂದು ಆಗ ತಿಳಿಯಿತು. ಅದು ದೀಪ ಇದ್ದ ಜಾಗಕ್ಕೆ ನಟ ಹುಡುಕಿಕೊಂಡ ಉತ್ತರವಾಗಿತ್ತು. ನಾವು ಉತ್ತರವನ್ನು ಬಾಯಿಪಾಠ ಮಾಡಿದ್ದೆವು, ಪ್ರಶ್ನೆಯನ್ನು ಕೈಬಿಟ್ಟಿದ್ದೆವು.

ಹಳೆಯ ರಂಗಮಂದಿರಗಳನ್ನು ಮತ್ತೆ ಕಟ್ಟುವ ಪ್ರಯತ್ನಗಳ ಬಗ್ಗೆ ಓದುವಾಗಲೆಲ್ಲ ನನಗೆ ಆ ತಗಡಿನ ಪಟ್ಟಿ ನೆನಪಾಗುತ್ತದೆ. ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ಶೇಕ್ಸ್‌ಪಿಯರನ ನಾಟಕಗಳು ನಡೆಯುತ್ತಿದ್ದ ಲಂಡನ್ನಿನ ಗ್ಲೋಬ್. ಅದರ ಮೂಲಕಥೆ ನಮ್ಮ ಕ್ಯಾಂಪ್ ಕಂಪನಿಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು. ಶೋರ್‌ಡಿಚ್‌ನಲ್ಲಿ 1576ರಲ್ಲಿ ಕಟ್ಟಿದ್ದ 'ದಿ ಥಿಯೇಟರ್' ಎಂಬ ನಾಟಕಶಾಲೆಯ ಜಾಗದ ಗುತ್ತಿಗೆ ಮುಗಿದು ಮಾಲೀಕನೊಡನೆ ವ್ಯಾಜ್ಯ ಹುಟ್ಟಿದಾಗ, 1598ರ ಡಿಸೆಂಬರ್ ಕೊನೆಯಲ್ಲಿ ಅದನ್ನು ನಡೆಸುತ್ತಿದ್ದ ಬರ್ಬೇಜ್ ಸಹೋದರರು ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನು ಕರೆತಂದು ಇಡೀ ಕಟ್ಟಡವನ್ನು ಬಿಚ್ಚಿಸಿದರು. ಆ ತೊಲೆಗಳು ಥೇಮ್ಸ್ ನದಿಯ ಆಚೆ ದಡಕ್ಕೆ ಹೋಗಿ 1599ರಲ್ಲಿ ಗ್ಲೋಬ್ ಆದವು. ಬಿದಿರು, ತಗಡು, ಬೆಂಚುಗಳನ್ನು ಲಾರಿಗೆ ಹೇರಿ ಮುಂದಿನ ಊರಿನಲ್ಲಿ ಮತ್ತೆ ನಿಲ್ಲಿಸುತ್ತಿದ್ದ ನಮ್ಮ ಥಿಯೇಟರುಗಳಿಗೂ ಅದಕ್ಕೂ ಇರುವ ಅಂತರ ಮರದ ಗಾತ್ರದ್ದಷ್ಟೇ. 1613ರ ಜೂನ್ 29ರಂದು ಪ್ರಯೋಗದ ನಡುವೆ ಹಾರಿಸಿದ ಫಿರಂಗಿಯಿಂದ ಹುಲ್ಲಿನ ಮಾಡಿಗೆ ಕಿಡಿ ತಗುಲಿ ಗ್ಲೋಬ್ ಸುಟ್ಟುಹೋಯಿತು. ಮರುವರ್ಷ ಮತ್ತೆ ಎದ್ದುನಿಂತ ಅದು, 1642ರಲ್ಲಿ ನಾಟಕಗಳ ಮೇಲೆ ನಿಷೇಧ ಬಂದ ಕೆಲವೇ ವರ್ಷಗಳಲ್ಲಿ ನೆಲಸಮವಾಯಿತು. ಹೀಗೆ ಮೂಲ ಗ್ಲೋಬ್ ಎಂಬುದೇ ಮರುನಿರ್ಮಾಣದ ಮರುನಿರ್ಮಾಣವಾಗಿರುವಾಗ ಯಾವುದನ್ನು ಅಸಲಿ ಎನ್ನುವುದು?

ಅಮೆರಿಕದ ನಟ ಸ್ಯಾಮ್ ವಾನಮೇಕರ್ 1949ರಲ್ಲಿ ಲಂಡನ್ನಿಗೆ ಬಂದು ಗ್ಲೋಬ್ ಇದ್ದ ಜಾಗವನ್ನು ಹುಡುಕಿದಾಗ ಸಿಕ್ಕಿದ್ದು ಒಂದು ಬಿಯರ್ ಕಾರ್ಖಾನೆಯ ಗೋಡೆಯ ಮೇಲಿನ ಫಲಕ ಮಾತ್ರ. 1970ರಲ್ಲಿ ಅವರು ಟ್ರಸ್ಟ್ ಕಟ್ಟಿದರು. 1993ರಲ್ಲಿ ತೀರಿಕೊಂಡರು. ರಂಗಮಂದಿರ ಪೂರ್ಣವಾಗಿ ತೆರೆದದ್ದು 1997ರಲ್ಲಿ, ಅದೂ ಮೂಲ ಜಾಗದಿಂದ ಸುಮಾರು 230 ಮೀಟರ್ ದೂರದಲ್ಲಿ. ಕಟ್ಟಿದವರ ಕೈಯಲ್ಲಿದ್ದ ಆಧಾರಗಳು ತೀರಾ ತೆಳುವಾಗಿದ್ದವು. ಅದೇ ಪೀಟರ್ ಸ್ಟ್ರೀಟ್ 1600ರಲ್ಲಿ ಫಾರ್ಚೂನ್ ಎಂಬ ನಾಟಕಶಾಲೆಗೆ ಮಾಡಿಕೊಂಡ ಕರಾರುಪತ್ರ ಉಳಿದಿದೆ. ಅದರಲ್ಲಿ ರಂಗದ ಅಗಲ 43 ಅಡಿ ಎಂಬಂಥ ಬೆಲೆಯುಳ್ಳ ಅಳತೆಗಳಿದ್ದರೂ, ನಮಗೆ ಬೇಕಾದ ಕಡೆಯಲ್ಲೆಲ್ಲ 'ಗ್ಲೋಬ್‌ನಲ್ಲಿರುವಂತೆ' ಎಂದು ಬರೆದು ಮುಗಿಸಲಾಗಿದೆ. ಬಡಗಿಗೆ ಗೊತ್ತಿದ್ದುದನ್ನು ಕಾಗದಕ್ಕೆ ಇಳಿಸುವ ಅಗತ್ಯ ಯಾರಿಗಿತ್ತು! 1989ರಲ್ಲಿ ಮೂಲ ಗ್ಲೋಬ್‌ನ ತಳಪಾಯದ ಒಂದು ಸಣ್ಣ ಚೂರು ಭೂಮಿಯಡಿ ಸಿಕ್ಕಿತು. ಅದರಿಂದ 20 ಮುಖಗಳು, ಸುಮಾರು 100 ಅಡಿ ವ್ಯಾಸ ಎಂಬ ತೀರ್ಮಾನಕ್ಕೆ ಬಂದು ಕಟ್ಟಿದರು. ಅಷ್ಟು ದೊಡ್ಡದಾಗಿರಲಾರದು ಎಂಬ ವಾದ ಆಮೇಲೂ ಕೇಳಿಬಂತು.

ಹಸಿ ಓಕ್ ಮರದ ತೊಲೆಗಳನ್ನು ಮೊಳೆಯಿಲ್ಲದೆ ಮರದ ಗೂಟಗಳಿಂದಲೇ ಜೋಡಿಸಿದರು. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಇದೇ ಮೊದಲು, ಹಾಗಾಗಿ ಮಾಡಿನ ಮೇಲೆ ನೀರು ಚಿಮ್ಮಿಸುವ ಕೊಳವೆಗಳಿವೆ. ಅಂದು ಸುಮಾರು 3,000 ಜನ ಹಿಡಿಸುತ್ತಿದ್ದರೆಂದು ಅಂದಾಜಿಸಲಾದ ಕಡೆ ಇಂದು ಅದರ ಅರ್ಧದಷ್ಟು ಜನರಿಗೆ ಮಾತ್ರ ಪ್ರವೇಶ. ಇವುಗಳನ್ನು ಎಣಿಸಿ ಇದೊಂದು ಪ್ರವಾಸಿಗಳ ಆಟಿಕೆ ಎಂದು ಜರೆದವರಿದ್ದಾರೆ. ನನಗೆ ಆ ಎಣಿಕೆಯೇ ತಪ್ಪೆನಿಸುತ್ತದೆ. ಒಂದು ಬದಲಾವಣೆಯಿಂದ ನಟನ ಕೆಲಸ ಬದಲಾಗುತ್ತದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಮಾಡಿನ ಮೇಲಿನ ಕೊಳವೆ ನಟನಿಗೆ ಏನನ್ನೂ ಹೇಳುವುದಿಲ್ಲ. ರಂಗದ ಮೇಲಿನ ಎರಡು ದಪ್ಪ ಕಂಬಗಳು ಹೇಳುತ್ತವೆ. ದೃಷ್ಟಿಗೆ ಅಡ್ಡವಾಗುತ್ತವೆ ಎಂದು ಮೊದಲು ನಟರೂ ನಿರ್ದೇಶಕರೂ ಬೇಸರಪಟ್ಟ ಆ ಕಂಬಗಳೇ, ಒಂದೆಡೆ ನಿಲ್ಲದೆ ಓರೆಯಾಗಿ ಸಂಚರಿಸುತ್ತಿರಬೇಕೆಂಬ ಪಾಠವನ್ನು ಕಲಿಸಿದವು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ 5 ಪೌಂಡ್ ಕೊಟ್ಟು ಗ್ಲೋಬ್‌ನ ಅಂಗಳದಲ್ಲಿ ನಿಂತು ಒಂದು ಮಧ್ಯಾಹ್ನದ ಪ್ರಯೋಗ ನೋಡಿದೆ. ಸ್ವಗತವೆಂದು ನಾವು ಕತ್ತಲಿಗೆ ಮುಖಮಾಡಿ ಗುನುಗುವ ಮಾತನ್ನು ಅಲ್ಲಿನ ನಟ ಹಗಲಿನ ಬೆಳಕಿನಲ್ಲಿ ನನ್ನ ಪಕ್ಕದವರ ಕಣ್ಣು ನೋಡಿ ಕೇಳಿದ. ಅದು ಪ್ರಶ್ನೆಯಾಗಿತ್ತು, ಅವರು ತಲೆಯಾಡಿಸಿ ಉತ್ತರವನ್ನೂ ಕೊಟ್ಟರು. ಸಂಜೆಯ ಪ್ರಯೋಗಗಳಿಗೆ ಅಲ್ಲಿ ವಿದ್ಯುತ್ ದೀಪಗಳುಂಟು, ಆದರೆ ಅವು ರಂಗಕ್ಕೂ ಅಂಗಳಕ್ಕೂ ಒಂದೇ ಸಮನೆ ಬೆಳಕು ಚೆಲ್ಲುವ ದೀಪಗಳು. ಉಪಕರಣ ಹೊಸದಾದರೂ ಒಬ್ಬರಿಗೊಬ್ಬರು ಕಾಣುವ ಸ್ಥಿತಿ ಹಳೆಯದೇ ಆದ್ದರಿಂದ ನನಗೆ ಅದು ಪ್ರಾಮಾಣಿಕವೆನಿಸುತ್ತದೆ. 2016ರಲ್ಲಿ ಎಮ್ಮಾ ರೈಸ್ ಕಲಾ ನಿರ್ದೇಶಕಿಯಾಗಿ ಬಂದು ರಂಗಬೆಳಕು ಮತ್ತು ಧ್ವನಿವರ್ಧಕಗಳನ್ನು ಧಾರಾಳವಾಗಿ ಬಳಸಿದಾಗ ದೊಡ್ಡ ವಿವಾದವಾಯಿತು. ಅವರ ಅವಧಿ 2018ರಲ್ಲಿ ಮುಗಿಯುವುದೆಂದು ಆಡಳಿತ ಮಂಡಳಿ ಅವರು ಬಂದ ವರ್ಷವೇ ಪ್ರಕಟಿಸಿತು. ಪ್ರತಿಭಾವಂತ ನಿರ್ದೇಶಕಿಯೊಬ್ಬರು ಹಾಗೆ ಹೊರನಡೆಯಬೇಕಾದದ್ದು ನೋವಿನ ಸಂಗತಿ. ಆದರೂ, ಆ ಮನೆಯಲ್ಲಿ ನೋಡುಗರನ್ನು ಕತ್ತಲಿಗೆ ಕಳಿಸಿದರೆ ಓಕ್ ಮರ ಬರಿಯ ಸೀನರಿಯಾಗಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ಆವರಣದಲ್ಲಿ 2014ರಲ್ಲಿ ತೆರೆದ ಒಳಾಂಗಣದ ಚಿಕ್ಕ ರಂಗಮಂದಿರ ಇನ್ನೂ ಸ್ವಾರಸ್ಯದ ಉದಾಹರಣೆ. ಶೇಕ್ಸ್‌ಪಿಯರನ ಕಾಲದ್ದೆಂದು ನಂಬಿದ್ದ ನಕ್ಷೆಗಳನ್ನು ಆಧರಿಸಿ ಅದನ್ನು ಯೋಜಿಸಿದ್ದರು. ಅವು 1660ರ ನಂತರದವೆಂದು ಆಮೇಲೆ ವಿದ್ವಾಂಸರು ತೋರಿಸಿದರು. ಹಾಗಾದರೆ ಅದು ಯಾವ ಕಟ್ಟಡದ ಪ್ರತಿಯೂ ಅಲ್ಲ. ಆದರೂ ಅಲ್ಲಿ ಉರಿಯುವುದು ನಿಜವಾದ ಜೇನುಮೇಣದ ಬತ್ತಿ. ಆ ಬತ್ತಿಯನ್ನು ಕೈಯಲ್ಲಿ ಹಿಡಿದ ನಟ ತನ್ನ ಮುಖಕ್ಕೆ ಬೇಕಾದ ಬೆಳಕನ್ನು ತಾನೇ ಹೊತ್ತು ನಡೆಯಬೇಕು.

ನಮ್ಮಲ್ಲಿಯೂ ಇಂಥ ತಿಳಿವಳಿಕೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಮನುಷ್ಯರಿಗೆ ತಕ್ಕದ್ದೆಂದು ಹೇಳುವುದು 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಮಂಟಪವನ್ನು. ಗ್ರಂಥ ಅಳತೆಯನ್ನಷ್ಟೇ ಕೊಟ್ಟು ಸುಮ್ಮನಾಗದೆ ಕಾರಣವನ್ನೂ ಕೊಡುತ್ತದೆ: ಇದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಮೇಲಿನ ಭಾವ ಕಾಣದಾಗುತ್ತದೆ. ಮಂಟಪ ಬೆಟ್ಟದ ಗುಹೆಯಂತಿರಬೇಕು, ಗಾಳಿ ಮಂದವಾಗಿ ಬರಬೇಕು, ಆಗ ಸ್ವರ ಗಂಭೀರವಾಗುತ್ತದೆ ಎಂದೂ ಹೇಳುತ್ತದೆ. ಆ ಮಂಟಪದ ವರ್ಣನೆಯಲ್ಲಿ ಬರುವ ಮತ್ತವಾರಣಿ ಎಂದರೆ ನಿಖರವಾಗಿ ಯಾವ ಭಾಗವೆಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ, ಚರ್ಚಿಸಲಿ. ಆದರೆ ಜೆ.ಪಿ. ನಗರದ ರಂಗಶಂಕರದಲ್ಲಿ ಕುಳಿತು ನಟಿಯೊಬ್ಬಳ ಪಿಸುಮಾತು ಮೈಕಿಲ್ಲದೆ ನನ್ನವರೆಗೆ ಬಂದಾಗ, 2004ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ ಆ ರಂಗಮಂದಿರ ಭರತನ ಮಾತಿಗೆ ಎಷ್ಟು ಹತ್ತಿರದಲ್ಲಿದೆ ಎನಿಸುತ್ತದೆ. ಯಕ್ಷಗಾನದ ವೇಷವನ್ನೇ ನೋಡಿ. ಹಗುರವಾದ ಮರದ ಆಭರಣಗಳಿಗೆ ಅಂಟಿಸಿದ ಬೇಗಡೆ ದೊಂದಿಯ ಅಲುಗುವ ಉರಿಯಲ್ಲಿ ಮಿಂಚಲೆಂದು ಹುಟ್ಟಿದ್ದು. ಹ್ಯಾಲೊಜೆನ್ ದೀಪದಡಿ ಅದು ಹೊಳೆಯುತ್ತದೆ, ಆದರೆ ಮಿಂಚುವುದಿಲ್ಲ.

ಕಂಪನಿ ನಾಟಕಗಳ ವಿಷಯದಲ್ಲಿ ನನಗೆ ಹೆಚ್ಚು ಆತುರವಿದೆ. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದವೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆನೆಯ ಭಾರ ತಡೆಯಲು ರಂಗದ ಹಲಗೆಯ ಕೆಳಗೆ ಏನು ಕೊಡುತ್ತಿದ್ದರು, ತಗಡಿನ ಮಾಡಿನ ಮೇಲೆ ಮಳೆ ಬಿದ್ದಾಗ ಹಾಡನ್ನು ಎಷ್ಟು ಏರಿಸುತ್ತಿದ್ದರು ಎಂಬುದನ್ನು ಬಲ್ಲ ಬಡಗಿಗಳೂ ವಾದ್ಯಗಾರರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪೀಟರ್ ಸ್ಟ್ರೀಟ್ ಬರೆದಿಡದೆ ಹೋದಂತೆಯೇ ಇವರೂ ಬರೆದಿಟ್ಟಿಲ್ಲ. ನಾವಂತೂ ಕೇಳಿಲ್ಲ.

ಈಗ ನಮ್ಮ ತಂಡದವರು ಕನಕಪುರ ರಸ್ತೆಯ ಆಚೆ ತಗಡಿನ ಮಾಡಿನ ಒಂದು ಖಾಲಿ ಶೆಡ್ಡನ್ನು ನೋಡಿ ಬಂದಿದ್ದೇವೆ. ಕಳೆದ ಭಾನುವಾರ ಮೇಷ್ಟ್ರನ್ನು ಆಟೋದಲ್ಲಿ ಕರೆದುಕೊಂಡು ಹೋಗಿದ್ದೆವು. ಅವರು ಒಳಗೆ ಕಾಲಿಟ್ಟವರೇ ಒಮ್ಮೆ ಚಪ್ಪಾಳೆ ತಟ್ಟಿ ಕಿವಿಗೊಟ್ಟರು, ಆಮೇಲೆ ರಂಗ ಬರಬೇಕಾದ ಜಾಗದಿಂದ ಹಿಂದಕ್ಕೆ ಹೆಜ್ಜೆಯಿಡುತ್ತಾ ಬಂದು, ಹನ್ನೆರಡನೆಯ ಹೆಜ್ಜೆಗೆ ನಿಂತು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದರು. "ಮೊದಲನೇ ಬೆಂಚು ಇಲ್ಲಿ" ಎಂದರು. ದರ್ಬಾರಿನ ಪರದೆಯನ್ನು ಹೊಸದಾಗಿ ಬರೆದುಕೊಡಲು ಒಪ್ಪಿದ್ದಾರೆ. ಬಲ್ಬುಗಳು ಎಷ್ಟು ವ್ಯಾಟಿನವು ಎಂದು ನಾವು ತಿಳಿಸಿದ ಮೇಲೆಯೇ ಬಣ್ಣ ಕಲಸುವರಂತೆ.