ದ್ವಿದಳವ್ರತದ ಅತ್ತೆ, ಹಸಿ ಊಟದ ಸೊಸೆ

ಒಲೆಯ ಮೇಲೆ ಇಟ್ಟ ಏನನ್ನೂ ತಿನ್ನದೆ ಈ ಸಲದ ನವರಾತ್ರಿ, ದೀಪಾವಳಿ ಎರಡನ್ನೂ ಕಳೆಯುತ್ತೇನೆ ಎಂದಾಗ ಪುಣೆಯ ನನ್ನ ಗೆಳತಿಯರೆಲ್ಲ ಕೇಳಿದ್ದು ಒಂದೇ ಮಾತು: ‘ಅತ್ತೆ ಏನಂದರು?’ ಅತ್ತೆ ಏನೂ ಅನ್ನಲಿಲ್ಲ. ಪಂಚಾಂಗ ಕೈಗೆತ್ತಿಕೊಂಡು, ‘ಎಂದು ಹಿಡಿಯುತ್ತೀ, ಎಂದು ಬಿಡುತ್ತೀ?’ ಎಂದು ಕೇಳಿದರು.

ಧಾರವಾಡದ ಮಾಧ್ವ ಮನೆಯಲ್ಲಿ ಬಾಳಿ ಬಂದವರಿಗೆ ತಿನ್ನದೇ ಇರುವುದು ಹೊಸದಲ್ಲ. ಆಷಾಢ ಶುದ್ಧ ಏಕಾದಶಿಗೆ ಚಾತುರ್ಮಾಸ್ಯ ಹಿಡಿದರೆ ಕಾರ್ತಿಕ ಶುದ್ಧ ಏಕಾದಶಿಯವರೆಗೆ ನಾಲ್ಕು ತಿಂಗಳು ಒಂದೊಂದು ತಿಂಗಳಿಗೆ ಒಂದೊಂದು ವ್ರತ. ಮೊದಲು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ಕೊನೆಗೆ ದ್ವಿದಳವ್ರತ, ಬೇಳೆಕಾಳು ಇಲ್ಲ. ಬಹುಬೀಜದ ಕಾಯಿಗಳನ್ನೂ ಬಿಡುವ ಮನೆಗಳಿವೆ. ನಮ್ಮ ಅತ್ತೆ ಬೇಳೆಕಾಳಿಗೇ ನಿಲ್ಲಿಸುತ್ತಾರೆ. ಹಾಗಾಗಿ ಅವರ ಮಟ್ಟಿಗೆ ನನ್ನದು ಐದನೆಯ ವ್ರತ, ಅಷ್ಟೆ. ಹಿಡಿಯುವ ತಿಥಿ, ಬಿಡುವ ತಿಥಿ, ನಡುವೆ ಏನು ನಡೆಯುತ್ತದೆ ಏನು ನಡೆಯುವುದಿಲ್ಲ ಎನ್ನುವುದು ಗೊತ್ತಾದರೆ ಅಡುಗೆಮನೆ ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ. ನವರಾತ್ರಿ ಶುರುವಾಗುವ ಘಟಸ್ಥಾಪನೆಯ ದಿನ ಹಿಡಿದು ಕಾರ್ತಿಕದ ಉತ್ಥಾನ ದ್ವಾದಶಿಯ ಪಾರಣೆಗೆ ಬಿಡುವುದು ಎಂದು ಇಬ್ಬರೂ ಸೇರಿ ಗೊತ್ತುಮಾಡಿದೆವು.

ಮೊದಲು ನನ್ನ ಕಟ್ಟಳೆ ಹೇಳಿಬಿಡುತ್ತೇನೆ. ಹಸಿ ಆಹಾರದವರು ಸಾಮಾನ್ಯವಾಗಿ 46–48 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದದ್ದನ್ನು ಹಸಿಯೆಂದು ಒಪ್ಪುವುದಿಲ್ಲ. ಆ ಲೆಕ್ಕ ಹಿಡಿದರೆ ನಾವು ಹಸಿಯೆಂದು ನಂಬಿಕೊಂಡ ಎಷ್ಟೋ ಪದಾರ್ಥಗಳು ಪಟ್ಟಿಯಿಂದ ಹೊರಗೆ. ಬೆಲ್ಲ ಕೊಪ್ಪರಿಗೆಯಲ್ಲಿ ಕುದ್ದು ಬಂದದ್ದು. ಧಾರವಾಡದವರ ಜೀವಾಳವಾದ ಹಚ್ಚಿದ ಅವಲಕ್ಕಿಯೂ ಇಲ್ಲ, ಏಕೆಂದರೆ ಭತ್ತವನ್ನು ನೆನೆಸಿ, ಹುರಿದು, ಆಮೇಲೆ ಕುಟ್ಟಿದರೇ ಅವಲಕ್ಕಿ. ಪುಠಾಣಿ ಹುರಿದದ್ದು. ಒಗ್ಗರಣೆಯಂತೂ ಇಲ್ಲವೇ ಇಲ್ಲ. ನಾನು ಒಂದೇ ಒಂದು ಸಡಿಲು ಇಟ್ಟುಕೊಂಡೆ: ಮನೆಯಲ್ಲಿ ಹೆಪ್ಪು ಹಾಕಿದ ಮೊಸರು. ಕಾಯಿಸಿದ ಹಾಲಿನ ಮೊಸರು ಹಸಿಯಲ್ಲ ಎಂದು ಕಟ್ಟುನಿಟ್ಟಿನವರು ಹೇಳುತ್ತಾರೆ, ಸರಿ. ಆದರೆ ಸಸ್ಯಾಹಾರಿಗೆ ಬಿ12 ಜೀವಸತ್ವ ಸಿಗುವುದು ಹಾಲು ಮೊಸರಿನಿಂದ. ಕಾಯಿಸದ ಹಾಲು ಕುಡಿಯುವುದು ಅಪಾಯ. ಮೊಸರಿಲ್ಲದ ಊಟ ನನಗೆ ಊಟವೂ ಅಲ್ಲ.

ಬೇಯಿಸಿದ್ದೆಲ್ಲ ಸತ್ತ ಆಹಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಾಖಕ್ಕೆ ಸಿ ಜೀವಸತ್ವ ನಾಶವಾಗುವುದು ನಿಜ; ಗಜ್ಜರಿಯ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್ ಬೆಂದ ಮೇಲೆಯೇ ದೇಹಕ್ಕೆ ಹೆಚ್ಚು ದಕ್ಕುವುದೂ ಅಷ್ಟೇ ನಿಜ. ಪುಣೆಯಲ್ಲಿದ್ದುಕೊಂಡು ಈ ವಿಷಯ ಮಾತಾಡುವಾಗ ಗಾಂಧೀಜಿಯನ್ನು ಬಿಡಲಾಗದು. 1946ರಲ್ಲಿ ಅವರು ಇಲ್ಲಿಗೆ ಸಮೀಪದ ಉರುಳಿ ಕಾಂಚನದಲ್ಲಿ ನಿಸರ್ಗೋಪಚಾರ ಆಶ್ರಮ ಆರಂಭಿಸಿ ಮಣಿಭಾಯಿ ದೇಸಾಯಿಯವರ ಕೈಗೆ ಒಪ್ಪಿಸಿದರು. ಹಸಿ ಆಹಾರದ ಪ್ರಯೋಗವನ್ನು ಅದಕ್ಕೂ ಬಹಳ ಮುಂಚೆ, 1929ರಲ್ಲಿ ಮಾಡಿ, ‘ಯಂಗ್ ಇಂಡಿಯಾ’ದಲ್ಲಿ ಬರೆದು, ಆಮಶಂಕೆಯಾದಾಗ ಬಿಟ್ಟರು. ದೇಹ ಒಲ್ಲೆನೆಂದಾಗ ಬಿಟ್ಟದ್ದನ್ನು ಮುಚ್ಚಿಡಲಿಲ್ಲ. ಆ ನೇರವಂತಿಕೆ ನನಗೆ ಬಹಳ ಇಷ್ಟ. ವೈದ್ಯರನ್ನು ಕೇಳಿ, ರಕ್ತಪರೀಕ್ಷೆ ಮಾಡಿಸಿಕೊಂಡೇ ನಾನು ಹಿಡಿದದ್ದು, ಮತ್ತು ಹಿಡಿಯುವಾಗಲೇ ಬಿಡುವ ದಿನವನ್ನು ಬರೆದಿಟ್ಟದ್ದು.

ನವರಾತ್ರಿಯಲ್ಲಿ ನಮ್ಮಲ್ಲಿ ನಂದಾದೀಪ ಹಚ್ಚಿ ಘಟ್ಟ ಹಾಕುತ್ತಾರೆ. ಪುಣೆಯ ಮರಾಠಿ ಮನೆಗಳಲ್ಲೂ ಅದೇ ಪದ್ಧತಿ ಇರುವುದರಿಂದ ಪರವೂರು ಎನ್ನಿಸುವುದಿಲ್ಲ. 1880ರ ದಶಕದಲ್ಲಿ ಕಟ್ಟಿದ, ಈಗ ಮಹಾತ್ಮಾ ಫುಲೆ ಹೆಸರಿನಲ್ಲಿರುವ ಮಂಡಈ, ಅಂದರೆ ತರಕಾರಿ ಮಾರುಕಟ್ಟೆಯ ಮುಂದೆ ಆ ಹೊತ್ತಿಗೆ ಹೊಲದ ಮಣ್ಣು, ಪತ್ರಾವಳಿ, ಪುಟ್ಟ ಗಡಿಗೆ, ಒಂಬತ್ತು ಧಾನ್ಯದ ಪೊಟ್ಟಣ ಎಲ್ಲ ಒಂದೇ ಕಡೆ ಸಿಗುತ್ತವೆ. ದೇವರ ಮುಂದೆ ಮಣ್ಣು ಹರಡಿ, ಧಾನ್ಯ ಬಿತ್ತಿ, ನಡುವೆ ಘಟ ಇಟ್ಟರೆ ಮೂರನೆಯ ದಿನಕ್ಕೆ ಮಣ್ಣು ಬಿರಿಯುತ್ತದೆ. ದೇವರ ಕೋಣೆಯಲ್ಲಿ ಬಿಸಿಲಿಲ್ಲದ ಕಾರಣ ಸಸಿ ಹಸಿರಾಗುವುದಿಲ್ಲ, ತೆಳು ಹಳದಿಯಾಗಿ ಎತ್ತರಕ್ಕೆ ಏಳುತ್ತದೆ. ಅತ್ತೆ ದಿನಾ ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸುವಾಗ ನಾನು ಒಳಗೆ ನನ್ನ ಮೊಳಕೆಯ ಬಟ್ಟೆಗೆ ನೀರು ಚಿಮುಕಿಸುತ್ತಿದ್ದೆ.

ಮೊಳಕೆಯ ಕೆಲಸವನ್ನು ಹಗುರಾಗಿ ತೆಗೆದುಕೊಳ್ಳಬಾರದು. ಪುಣೆಯ ಅಕ್ಟೋಬರ್ ಸೆಕೆಯಲ್ಲಿ ರಾತ್ರಿ ನೆನೆಸಿದ ಹೆಸರುಕಾಳು ಬೆಳಿಗ್ಗೆ ಬಟ್ಟೆ ಕಟ್ಟಿದರೆ ಸಂಜೆಗೇ ಬಾಲ ಬಿಡುತ್ತದೆ. ಒಂದು ಹೊತ್ತು ತೊಳೆಯದಿದ್ದರೆ ಬಟ್ಟೆ ಲೋಳೆಗಟ್ಟಿ ವಾಸನೆ ಹೊಡೆಯುತ್ತದೆ. ಬೆಚ್ಚಗೆ, ತೇವವಾಗಿ ಇರುವುದೆಲ್ಲ ರೋಗಾಣುಗಳಿಗೂ ಪ್ರಿಯವೇ. ಆದ್ದರಿಂದ ವಯಸ್ಸಾದವರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಹಸಿ ಮೊಳಕೆ ಕೊಡಬಾರದು. ಅತ್ತೆಯ ಪಾಲಿನದನ್ನು ಬೇಯಿಸಿ ಉಸಳಿ ಮಾಡುತ್ತಿದ್ದೆ. ಹೆಸರು ಮತ್ತು ಮಡಿಕೆ ಕಾಳು ಬಿಟ್ಟು ಬೇರೆ ಕಾಳಿನ ತಂಟೆಗೆ ನಾನು ಹೋಗಲಿಲ್ಲ. ರಾಜ್ಮಾವನ್ನಂತೂ ಯಾರೂ ಹಸಿಯಾಗಿ ತಿನ್ನಬಾರದು. ಅದರಲ್ಲಿರುವ ಲೆಕ್ಟಿನ್ ವಿಷ ನೆನೆಸಿದರೆ, ಮೊಳಕೆ ಬರಿಸಿದರೆ ಹೋಗುವುದಿಲ್ಲ, ಚೆನ್ನಾಗಿ ಕುದಿಸಿದರೇ ಹೋಗುವುದು. ನಾಲ್ಕೈದು ಹಸಿ ಕಾಳು ತಿಂದರೂ ವಾಂತಿ ಭೇದಿಯಾಗಬಹುದು.

ನವರಾತ್ರಿ ಬರುವುದು ಅತ್ತೆಯ ಕ್ಷೀರವ್ರತದಲ್ಲಿ. ಹಾಲಿನ ಪಾಯಸ ಇಲ್ಲ, ಹಾಲು ಬಿದ್ದ ಯಾವ ಸಿಹಿಯೂ ಇಲ್ಲ. ನಮ್ಮ ಮೇಲಿನ ಮನೆಯ ಉಡುಪಿಯ ಅಕ್ಕ ಹೇಳಿಕೊಟ್ಟಿದ್ದ ಕಾಯಿಹಾಲಿನ ರಸಾಯನ ಆಗ ನೆನಪಾಯಿತು. ಈಳಿಗೆಯ ಮೇಲೆ ಕುಳಿತು ಕಾಯಿಯ ಬಿಳಿಯ ಭಾಗವನ್ನಷ್ಟೇ ತುರಿದು, ನೀರು ಚಿಮುಕಿಸಿ ರುಬ್ಬಿ, ಮಡಿಬಟ್ಟೆಯಲ್ಲಿ ಹಿಂಡಿದರೆ ಗಟ್ಟಿ ಮೊದಲ ಹಾಲು. ಅದಕ್ಕೆ ಕಳಿತ ಬಾಳೆಹಣ್ಣು ಹೆಚ್ಚಿ ಹಾಕಿ, ಯಾಲಕ್ಕಿ ಕುಟ್ಟಿ ಹಾಕಿ, ನೈವೇದ್ಯದ ಪಾತ್ರೆಗೆ ಬೆಲ್ಲ, ನನ್ನ ಬಟ್ಟಲಿಗೆ ನೆನೆಸಿ ರುಬ್ಬಿದ ಖರ್ಜೂರ. ಅತ್ತೆ ರುಚಿ ನೋಡಿ ಇನ್ನೊಂದು ಸೌಟು ಹಾಕಿಸಿಕೊಂಡರು. ನಾಲ್ಕು ತಿಂಗಳ ವ್ರತದಲ್ಲಿ ಅವರು ಎರಡನೆಯ ಸಲ ಕೇಳಿ ಬಡಿಸಿಕೊಂಡ ಸಿಹಿ ಅದೊಂದೇ ಎಂದು ನನಗೆ ಹೆಮ್ಮೆ. ಇನ್ನೊಂದು ಅನುಕೂಲ ನಾನು ಎಣಿಸಿರಲಿಲ್ಲ: ಹಸಿ ಪದಾರ್ಥಕ್ಕೆ ಮುಸುರೆಯಿಲ್ಲ. ಅನ್ನ ಮುಟ್ಟಿದ ಕೈ, ಹಾಲಿನ ಪಾತ್ರೆ ಎಂಬ ಎಚ್ಚರಗಳಿಂದ ನನ್ನ ಅಡುಗೆ ಪೂರ್ತಿ ಹೊರಗೆ. ಮಡಿಯಲ್ಲಿದ್ದ ಅತ್ತೆ, ಹೆಚ್ಚುತ್ತಿದ್ದ ನಾನು ಒಂದೇ ಕಟ್ಟೆಯ ಎರಡು ತುದಿಯಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡಿದೆವು.

ದಸರೆಗೆ ವಿಜಯಪುರ, ಬೆಳಗಾವಿ ಕಡೆಯ ಸ್ನೇಹಿತರನ್ನು ಊಟಕ್ಕೆ ಕರೆದಿದ್ದೆವು. ಪುಣೆಯಲ್ಲಿ ಬನ್ನಿಯ ಜಾಗಕ್ಕೆ ಹೆಚ್ಚಾಗಿ ಆಪಟೆಯ ಎಲೆ. ಅದನ್ನೇ ಬಂಗಾರವೆಂದು ಕೊಟ್ಟು ತೆಗೆದುಕೊಂಡೆವು. ಘಟ್ಟದ ಹಳದಿ ಸಸಿಯನ್ನು ಅತ್ತೆ ಎಲ್ಲ ಹೆಣ್ಣುಮಕ್ಕಳ ಮುಡಿಗೆ ಇಟ್ಟರು. ಅವರೆಲ್ಲರ ಎಲೆಗೆ ಹೂರಣದ ಹೋಳಿಗೆ, ತುಪ್ಪ, ಕಟ್ಟಿನ ಸಾರು, ಚಿತ್ರಾನ್ನ, ಭಜಿ. ನನ್ನ ಎಲೆಯಲ್ಲಿ ಹೆಸರುಬೇಳೆ ಕೋಸಂಬರಿ ಅನ್ನದ ಜಾಗದಲ್ಲಿ ಕುಳಿತಿತ್ತು. ಪಕ್ಕಕ್ಕೆ ಎಳೆ ಮೆಂತ್ಯದ ಸೊಪ್ಪಿನ ಪಚಡಿ, ನೆನೆಸಿದ ಶೇಂಗಾ, ಮೊಸರು, ರಸಾಯನ, ಸಾಸ್ವಡದ ಕಡೆಯ ಒಂದು ದೊಡ್ಡ ಸೀತಾಫಲ. ಹೋಳಿಗೆ ಬಡಿಸಲು ನಾನೇ ನಿಂತೆ. ಕಾವಲಿಯಿಂದ ಇಳಿದ ಹೋಳಿಗೆಯ ಮೇಲೆ ತುಪ್ಪ ಬಿದ್ದಾಗಿನ ವಾಸನೆಗೆ ಮನಸ್ಸು ಎಳೆಯಿತು. ಎಳೆಯದೆ ಇದ್ದಿದ್ದರೆ ಅದು ವ್ರತವೇ ಆಗುತ್ತಿರಲಿಲ್ಲ. ಎಲೆ ತುಂಬಿದ್ದರಿಂದ ಬಂದವರು ಯಾರೂ ನನ್ನನ್ನು ಕನಿಕರದಿಂದ ನೋಡಲಿಲ್ಲ. ಒಬ್ಬರು ಪಚಡಿಯನ್ನು ಮೂರು ಸಲ ಹಾಕಿಸಿಕೊಂಡರು.

ದಶಮಿಯ ಮರುದಿನ ಏಕಾದಶಿ. ಅಲ್ಲಿಗೆ ಹಾಲು ಮನೆಗೆ ಮರಳುತ್ತದೆ, ಬೇಳೆ ಮನೆಯಿಂದ ಹೊರಡುತ್ತದೆ. ಹೋಳಿಗೆಗೆ ಹೂರಣವಿಲ್ಲ, ಸಜ್ಜಕ; ಸಾರಿಗೆ ಬೇಳೆಯಿಲ್ಲ, ಮೆಣಸು ಜೀರಿಗೆ. ಕೋಸಂಬರಿಯಲ್ಲಿ ಬೇಳೆ ಹೋಗಿ ಸವತೆಕಾಯಿ, ಕಾಯಿತುರಿ, ನಿಂಬೆಹಣ್ಣು ಉಳಿದವು. ನನ್ನ ಮೊಳಕೆ ಕಾಳು ಅವರಿಗೆ ನಿಷಿದ್ಧ, ಅವರ ಬಿಸಿ ಸಾರು ನನಗೆ ನಿಷಿದ್ಧ. ಇಬ್ಬರಿಗೂ ಸಲ್ಲುವ ಪದಾರ್ಥ ಹುಡುಕುವುದೇ ದಿನದ ಮೊದಲ ಕೆಲಸವಾಯಿತು. ಅತ್ತೆ ಅಂಬೆಹಳದಿ (ಮಾವಿನಶುಂಠಿ) ತುರಿದು, ಉಪ್ಪು ನಿಂಬೆರಸ ಬೆರೆಸಿ ಮಾಡಿಕೊಟ್ಟ ಉಪ್ಪಿನಕಾಯಿಯನ್ನು ನಾನು ಎಂದೂ ಮರೆಯಲಾರೆ. ಮಾವಿನಕಾಯಿಯ ಘಮ ಆಶ್ವಯುಜದಲ್ಲಿ!

ಪುಣೆಯ ದೀಪಾವಳಿ ಎಂದರೆ ಫರಾಳ. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ, ಆರತಿ ಮುಗಿಯುತ್ತಿದ್ದಂತೆ ಎದುರು ಮನೆಯ ಕಾಕೂ ಡಬ್ಬಿ ಹಿಡಿದು ಬಂದರು: ಚಕಲಿ, ಚಿವಡಾ, ಕರಂಜಿ, ಶಂಕರಪಾಳಿ, ಅನಾರಸೆ, ಬೇಸನ್ ಲಾಡು. ‘ಎವಢಂ ತರೀ ಘೇ’ (ಇಷ್ಟಾದರೂ ತಗೋ) ಎನ್ನುತ್ತಾ ಕರಂಜಿಯೊಂದನ್ನು ನನ್ನ ಬಾಯಿಯ ಹತ್ತಿರಕ್ಕೇ ತಂದರು. ವಾರಗಟ್ಟಲೆ ಸೊಂಟ ನೋಯಿಸಿಕೊಂಡು ಮಾಡಿದ ಕೈ ಅದು. ಬೇಡ ಎಂಬ ಮಾತು ಆ ಕೈಗೆ ಹೇಗೆ ಹೇಳುವುದು? ಇದಕ್ಕೆ ದಾರಿ ತೋರಿಸಿದವರು ಅತ್ತೆ. ಅವರಿಗೂ ಬೇಸನ್ ಲಾಡು ನಡೆಯದು. ಅವರು ಎರಡೂ ಕೈ ಚಾಚಿ ಲಾಡು ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಅಲ್ಲೇ ನಿಂತಿದ್ದ ಮೊಮ್ಮಗನ ಬಾಯಿಗಿಟ್ಟು, ‘ಹೇಗಿದೆಯೋ, ಅಜ್ಜಿಗೆ ಹೇಳು’ ಎಂದರು. ಅವನು ಬಾಯಿತುಂಬ ಲಾಡು ಇಟ್ಟುಕೊಂಡು ಚೆನ್ನಾಗಿದೆ ಎಂದ ಮೇಲೆ ಕಾಕೂ ಮುಖ ಅರಳಿತು. ನನ್ನ ಕರಂಜಿ ಹಾಗೆಯೇ ನನ್ನ ಗಂಡನಿಗೆ ಹೋಯಿತು. ಕೊಟ್ಟವರ ಎದುರಿಗೇ ಮನೆಯವರೊಬ್ಬರು ತಿಂದು ರುಚಿ ಹೇಳಬೇಕು. ಒಳಗೆ ಒಯ್ದು ಮುಚ್ಚಿಟ್ಟರೆ ಸಾಲದು. ವ್ರತದವರು ಎಷ್ಟೋ ತಲೆಮಾರುಗಳಿಂದ ಬಲ್ಲ ಈ ನಡೆ ಯಾವ ಪಥ್ಯದ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಡಬ್ಬಿಯನ್ನು ಬರಿದಾಗಿ ಮರಳಿಸಬಾರದಲ್ಲ, ಖರ್ಜೂರ, ಕೊಬ್ಬರಿ, ಎಳ್ಳು ಕುಟ್ಟಿ ಕಟ್ಟಿದ ನನ್ನ ಉಂಡೆಗಳನ್ನು ತುಂಬಿ ಕಳಿಸಿದೆ.

ಕೆಳಗೆ ಅಂಗಳದಲ್ಲಿ ಮಕ್ಕಳು ಮಣ್ಣಿನ ಕೋಟೆ ಕಟ್ಟಿದ್ದರು. ಪುಣೆಯ ಮಕ್ಕಳಿಗೆ ದೀಪಾವಳಿ ರಜೆಯೆಂದರೆ ಇದೇ ಕೆಲಸ: ಕಲ್ಲು, ಗೋಣಿಚೀಲ, ಮಣ್ಣಿನಿಂದ ಶಿವಾಜಿ ಮಹಾರಾಜರ ಕೋಟೆ, ಮೇಲೆ ಮಾವಳೆ ಸೈನಿಕರ ಗೊಂಬೆಗಳು. ಬೆಟ್ಟ ಹಸಿರಾಗಿ ಕಾಣಲೆಂದು ಸಾಸಿವೆ, ಅಳವಿ ಬೀಜ ಚೆಲ್ಲುತ್ತಾರೆ. ಉಳಿದ ಅಳವಿಯನ್ನು ಮಗ ಮೇಲೆ ತಂದ. ಒದ್ದೆ ಹತ್ತಿಯ ಮೇಲೆ ಹರಡಿದೆ. ಬೀಜ ಮೊದಲು ಲೋಳೆ ಬಿಟ್ಟುಕೊಂಡು ಹತ್ತಿಗೆ ಅಂಟಿತು, ಆಮೇಲೆ ಬಿಳಿ ಬೇರು, ಭಾವುಬೀಜದ ಹೊತ್ತಿಗೆ ಎರಡೆರಡು ಹಸಿರೆಲೆ. ಕತ್ತರಿಯಿಂದ ಕತ್ತರಿಸಿ ಸವತೆಕಾಯಿಯ ಮೇಲೆ ಉದುರಿಸಿದೆ. ಮೆಣಸಿನಂಥ ಖಾರ. ‘ಇದು ನನ್ನ ಕೋಟೆಯ ಕಾಡು’ ಎಂದು ಮಗ ಊರಿಗೆಲ್ಲ ಹೇಳಿಕೊಂಡು ಬಂದ.

ಉತ್ಥಾನ ದ್ವಾದಶಿ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಪಾರಣೆ. ಅತ್ತೆಗೆ ತಿಂಗಳ ಮೇಲೆ ಮೊದಲ ತೊಗರಿಬೇಳೆ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ನನಗೆ ಮೊದಲ ಬಿಸಿ ಅನ್ನ. ತುಪ್ಪ ಹಾಕಿ ಕಲಸುವಾಗ ಬೆರಳು ಸುಟ್ಟಿತು. ಬಿಸಿಯ ಅಳತೆ ಬೆರಳಿಗೆ ಮರೆತುಹೋಗಿತ್ತು. ಸ್ವಲ್ಪವೇ ಉಂಡೆ, ಹೊಟ್ಟೆಗೆ ಒಮ್ಮೆಲೇ ಭಾರ ಹಾಕಬಾರದು ಎಂದು ವೈದ್ಯರೂ ಹೇಳಿದ್ದರು. ಸಂಜೆ ಬಾಲ್ಕನಿಯ ತುಳಸಿಗೆ ನೆಲ್ಲಿಯ ಟೊಂಗೆ, ಕಬ್ಬು ಕಟ್ಟಿ ಲಗ್ನ ಮಾಡಿದೆವು. ಕಾಕೂ ಮಂಗಳಾಷ್ಟಕ ಹೇಳಿದರು.

ಈಗ ಬೆಳಗಿನ ಹೊತ್ತು ಮಾತ್ರ ಹಸಿಯದನ್ನು ತಿನ್ನುತ್ತೇನೆ, ಉಳಿದಂತೆ ಮನೆಯವರ ಊಟವೇ ನನ್ನದು. ಅತ್ತೆ ಮುಂದಿನ ಕ್ಷೀರವ್ರತದ ಪಟ್ಟಿಗೆ ಕಾಯಿಹಾಲಿನ ರಸಾಯನವನ್ನು ಈಗಾಗಲೇ ಸೇರಿಸಿದ್ದಾರೆ. ಧಾರವಾಡದಲ್ಲಿರುವ ನಾದಿನಿಗೆ ಅದನ್ನು ಮಾಡುವ ಬಗೆಯನ್ನು ಫೋನಿನಲ್ಲಿ ಹೇಳುವಾಗ ಬೆಲ್ಲದ ಜೊತೆಗೆ, ‘ಖರ್ಜೂರ ಹಾಕಿದರೂ ನಡೆಯುತ್ತದೆ, ಹಾಗೆ ಇನ್ನೂ ಚೆನ್ನಾಗಿರುತ್ತದೆ’ ಎನ್ನುತ್ತಿದ್ದರು.