ಇಷ್ಟು ಸಂಶೋಧನೆ ಆದರೂ ಅಲ್ಜೈಮರ್ಸ್‌ಗೆ ಔಷಧಿ ಯಾಕಿಲ್ಲ?

ಮಿದುಳಿನ ಸಂಶೋಧನೆ ನನ್ನ ಕೆಲಸ ಅಂತ ಗೊತ್ತಾದ ಕೂಡಲೇ, ಮದುವೆ ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ, ಜನ ಕೇಳುವುದು ಇದನ್ನೇ. ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಅಮ್ಮನಿಗೋ ಮಾವನಿಗೋ ಮರೆವು ಶುರುವಾಗಿರುತ್ತದೆ. ಅವರಿಗೆ ಸುಮ್ನೆ ಸಮಾಧಾನ ಹೇಳಿ ಜಾರಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಔಷಧಿ ಇಲ್ಲವೇ ಇಲ್ಲ ಅಂತಲ್ಲ, ನಾವು ತಡವಾಗಿ ಹೋಗುತ್ತಿದ್ದೇವೆ. ಈಗಷ್ಟೇ ಉಂಡು ಕೈ ತೊಳೆದ ಅಜ್ಜಿ 'ಊಟ ಯಾವಾಗ?' ಅಂತ ಕೇಳುತ್ತಾರೆ, ತವರಿನ ಹಳೇ ಸಂಗತಿಗಳನ್ನು ಮಾತ್ರ ಒಂದೂ ಬಿಡದೆ ಹೇಳುತ್ತಾರೆ, ಅಲ್ವಾ? ಹೊಸದನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಬೇಗ ಸೊರಗುವುದರಿಂದ ಹೀಗಾಗುತ್ತದೆ. ಆದರೆ ಅಮಿಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ಹೊರಗೆ ಗಟ್ಟಿಕಟ್ಟಲು ಶುರುವಾಗಿ ಅಷ್ಟು ಹೊತ್ತಿಗೆ 15-20 ವರ್ಷವೇ ಆಗಿರುತ್ತದೆ. ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ಗಂಟುಗಂಟಾಗುತ್ತದೆ, ಕೋಶಗಳು ಸಾಯುತ್ತವೆ. ಸತ್ತ ಕೋಶವನ್ನು ಬದುಕಿಸುವ ಔಷಧಿ ಇಲ್ಲ.

ಡೊನೆಪೆಜಿಲ್ ಮಾತ್ರೆ ಉಳಿದ ಕೋಶಗಳಿಗೆ ಒಂದಿಷ್ಟು ಬಲ ಕೊಡುತ್ತದೆ, ಅಷ್ಟೇ. 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ಕೊಟ್ಟ ಲೆಕೆನೆಮ್ಯಾಬ್ ಎಂಬ ಔಷಧಿ ಅಮಿಲಾಯ್ಡನ್ನು ನಿಜಕ್ಕೂ ತೆಗೆಯುತ್ತದೆ. ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಬೇಕು, ಮಿದುಳಲ್ಲಿ ಊತವೋ ರಕ್ತಸ್ರಾವವೋ ಆಗಿದೆಯಾ ಅಂತ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು, ಇಷ್ಟೆಲ್ಲ ಮಾಡಿ 18 ತಿಂಗಳಿಗೆ ಔಷಧಿ ಪಡೆದವರಿಗೂ ಪಡೆಯದವರಿಗೂ ಸಿಕ್ಕ ವ್ಯತ್ಯಾಸ, ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯುವ 18 ಅಂಕದ ಅಳತೆಯಲ್ಲಿ 0.45. ಅದೂ ಆರಂಭದ ಹಂತದವರಲ್ಲಿ. ಕಾಯಿಲೆ ನಿಲ್ಲಲಿಲ್ಲ, ನಿಧಾನವಾಯಿತು. ನನ್ನ ಮಟ್ಟಿಗೆ ಇದು ದೊಡ್ಡ ವಿಷಯವೇ, ಆದರೆ ಮನೆಯವರ ಕಣ್ಣಿಗೆ ಅದು ಕಾಣುವಷ್ಟಿದೆ ಅಂತ ಹೇಳಲಾರೆ.

ಅದಕ್ಕೇ ನನಗೆ ಜಾಸ್ತಿ ಆಸೆ ಇರುವುದು ಕೋಲಾರ ಜಿಲ್ಲೆಯ ಮಾವಿನ ಸೀಮೆ ಶ್ರೀನಿವಾಸಪುರದ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ, ಇನ್ನೂ ಡಿಮೆನ್ಶಿಯಾ (ಅಲ್ಜೈಮರ್ಸ್‌ನಂಥ ಮರೆವಿನ ಕಾಯಿಲೆ) ಬಾರದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡಿದೆ. ರಕ್ತ ನೋಡುತ್ತಾರೆ, ನೆನಪಿನ ಪರೀಕ್ಷೆ ಮಾಡುತ್ತಾರೆ, ಎಂಆರ್‌ಐ ತೆಗೆಯುತ್ತಾರೆ. ಈ ಕಾಯಿಲೆ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಯುರೋಪು, ಅಮೆರಿಕದ ಓದಿದ ಜನರಿಂದ ಬಂದಿದ್ದು. ಹೊಲದಲ್ಲಿ ದುಡಿದ, ಶಾಲೆಯ ಮೆಟ್ಟಿಲು ಹತ್ತದವರ ಮಿದುಳು ಹೇಗೆ ಮುಪ್ಪಾಗುತ್ತದೆ ಅಂತ ತಿಳಿಯಬೇಕಾದರೆ ಅಂಥವರ ಹತ್ತಿರವೇ ಹೋಗಬೇಕು.

ಅಲ್ಲಿಯವರೆಗೆ ಮಾಡುವುದಕ್ಕೇನೂ ಇಲ್ಲ ಅಂದುಕೊಳ್ಳಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಕಿವಿ ಕೇಳದಿರುವುದು ಸೇರಿ 14 ಕಾರಣಗಳನ್ನು ಸರಿಪಡಿಸಿದರೆ ಸುಮಾರು 45% ಡಿಮೆನ್ಶಿಯಾವನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದು ಅಂತ 2024ರ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿದೆ. ಮನೆಯಲ್ಲಿ ಈಗಾಗಲೇ ಯಾರಿಗಾದರೂ ಮರೆವು ಕಾಣಿಸಿದ್ದರೆ, ವಯಸ್ಸಾಯ್ತು ಬಿಡಿ ಅಂತ ಕೂರಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬಿ12, ಥೈರಾಯ್ಡ್ ನೋಡಿಸಿ, ಮನಸ್ಸು ಕುಗ್ಗಿದೆಯಾ ಅಂತಲೂ ಕೇಳಿ. ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ.