ಊರಿನ ನಕ್ಷೆ ಗೋಡೆಗೇರಲಿ

ಕೊಡಗಿನ ಊರೊಂದರ ಪಂಚಾಯಿತಿ ಗೋಡೆಗೆ ಹಸಿರು ಮರ, ಅದರ ಕೆಳಗೊಂದು ಘೋಷಣೆ ಬರೆಸಿದರೆ ಬಸ್ಸಿಗೆ ಕಾಯುವವರು ತಲೆ ಎತ್ತಿಯೂ ನೋಡುವುದಿಲ್ಲ. ಅದೇ ಗೋಡೆಗೆ ಊರಿನ ನಕ್ಷೆ ಬಿಡಿಸಿ. ‘ನಮ್ಮ ಪೈಸಾರಿ (ಸರ್ಕಾರಿ ಜಾಗದಲ್ಲಿನ ವಸತಿ) ಎಲ್ಲಿ?’ ಎಂದು ಹುಡುಗರೇ ನಿಂತು ಹುಡುಕುತ್ತಾರೆ.

ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನವೇ ಹೋಗುತ್ತದೆ. ಆಮೇಲೆ ಮಕ್ಕಳು ತಂಡ ಕಟ್ಟಿಕೊಂಡು, ಪುಸ್ತಕ ಹಿಡಿದು ಊರು ಸುತ್ತಬೇಕು. ಪ್ರತಿ ತಂಡದಲ್ಲೂ ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು ಇರಲೇಬೇಕು, ಕೈಪಂಪು ಕೆಟ್ಟಿರುವುದು ಮೊದಲು ಗೊತ್ತಾಗುವುದು ಅವರಿಗೆ. ಕಸ ಸುರಿಯುವ ತೋಡು (ಸಣ್ಣ ಹಳ್ಳ), ಉರಿಯದ ಬೀದಿದೀಪ, 2018ರ ಆಗಸ್ಟ್ ಮಳೆಗೆ ಬರೆ (ಗುಡ್ಡದ ಇಳಿಜಾರು) ಕುಸಿದ ಜಾಗ ಇದ್ದರೆ ಅದನ್ನೂ ಗುರುತು ಮಾಡಿ. ಯಾರದೇ ಮನೆಯ ತಪ್ಪನ್ನು ಮಾತ್ರ ಗೋಡೆಗೆ ಹತ್ತಿಸಬೇಡಿ. ಜಗಳವೆದ್ದರೆ ಮರುದಿನವೇ ಸುಣ್ಣ ಬಳಿಯುತ್ತಾರೆ.

ಕೊಡಗಿನಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ತೇವದಿಂದ. ಮಳೆಗಾಲ ಮುಗಿದರೂ ಗೋಡೆಯ ಒಳಗೆ ನೀರಿರುತ್ತದೆ, ಅದರ ಮೇಲೆ ಬಳಿದ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಂತೆ ಕಳಚುತ್ತದೆ. ಜನವರಿ, ಫೆಬ್ರವರಿಯೇ ಸರಿಯಾದ ಕಾಲ. ಆಗ ಕಾಫಿ ಕೊಯ್ಲು ಇರುವುದರಿಂದ ಭಾನುವಾರಗಳನ್ನೇ ನೆಚ್ಚಬೇಕು. ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು ಮುಗಿಸಿ. ಪಾಚಿಯನ್ನು ತಂತಿ ಬ್ರಷ್‌ನಿಂದ ಕೆರೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಹೊಸ ಗಾರೆಯಾದರೆ ನಾಲ್ಕು ವಾರ ಕಾಯಬೇಕು, ಇಲ್ಲದಿದ್ದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ.

10 ಅಡಿ ಅಗಲ, 6 ಅಡಿ ಎತ್ತರದ ಗೋಡೆ ಹದಿನೈದು ಮಕ್ಕಳ ಕೈಗೆ ಸಾಕು. ಎ4 ಹಾಳೆಯಲ್ಲಿ 1 ಇಂಚಿನ ಚೌಕಗಳಲ್ಲಿ ನಕ್ಷೆ ಬರೆದು, ಹಿನ್ನೆಲೆಯ ಬಿಳಿ ಒಣಗಿದ ಮೇಲೆ ಗೋಡೆಗೆ ಬಣ್ಣದ ಪುಡಿ ಹಚ್ಚಿದ ದಾರ ಹೊಡೆದು 1 ಅಡಿಯ ಚೌಕ ಮಾಡಿ, ಒಂದೊಂದನ್ನೇ ನೋಡಿ ಬಿಡಿಸಿದರೆ ಚಿತ್ರ ಬಾರದವರೂ ಬಿಡಿಸಬಲ್ಲರು. ಹಿನ್ನೆಲೆಗೆ ಮೊದಲು ಒಂದು ಕೋಟ್ ಎಕ್ಸ್‌ಟೀರಿಯರ್ ಪ್ರೈಮರ್ (ಹೊರಗೋಡೆಯ ತಳಬಣ್ಣ), ಮೇಲೆ ಎರಡು ಕೋಟ್ ಬಿಳಿ ಎಮಲ್ಷನ್ (ನೀರಿನಲ್ಲಿ ತೆಳುವಾಗುವ ಗೋಡೆ ಬಣ್ಣ). ಈ ಹಿನ್ನೆಲೆಗೆ ಒಂದೂವರೆ ಲೀಟರ್ ಎಮಲ್ಷನ್ ಸಾಕಾಗುತ್ತದೆ. ಉಳಿದ ಬಣ್ಣಗಳನ್ನು ಅದೇ ಬಗೆಯ ಎಮಲ್ಷನ್‌ಗೆ ಸ್ಟೇನರ್ ಎಂಬ ಗಾಢ ಬಣ್ಣ ಬೆರೆಸಿ ಮಾಡಿಕೊಳ್ಳಿ. ಗಾಢವಾಗಲೆಂದು ಸ್ಟೇನರ್ ಜಾಸ್ತಿ ಸುರಿದರೆ ಮೊದಲ ಮಳೆಗೇ ಇಳಿಯುತ್ತದೆ.

ಸೂರಿನ ಕೆಳಗೆ, ನೀರು ಸಿಡಿಯದ ಕಡೆ, ಕಪ್ಪು ಹಲಗೆ ಬಣ್ಣದ ಒಂದು ಪಟ್ಟಿ ಬಿಡಿ. ನಕ್ಷೆಯಲ್ಲಿ ಗುರುತಿಸಿದ ತೊಂದರೆಗಳ ಬಗ್ಗೆ ಪಂಚಾಯಿತಿಗೆ ಕೊಟ್ಟ ಅರ್ಜಿ ಯಾವುದು, ಕೊಟ್ಟ ದಿನಾಂಕ, ಬಂದ ಉತ್ತರ ಎಂದು ಸೀಮೆಸುಣ್ಣದಲ್ಲಿ ಬರೆಯುವುದು ಅಲ್ಲೇ. ಈ ಪಟ್ಟಿ ಇಲ್ಲದಿದ್ದರೆ ನಕ್ಷೆ ಬರೀ ಅಲಂಕಾರವಾಗಿ ಉಳಿಯುತ್ತದೆ. 18 ತುಂಬದವರು ಮಕ್ಕಳ ಗ್ರಾಮಸಭೆಯಲ್ಲಿ ಕೇಳಲಿ, ದೊಡ್ಡವರು ಗ್ರಾಮಸಭೆಯಲ್ಲಿ. ಅರ್ಜಿಗೆ ಸ್ವೀಕೃತಿ ಪಡೆದು, ವಿಷಯ ನಡಾವಳಿ ಪುಸ್ತಕಕ್ಕೆ ಏರಿತೇ ಎಂದು ಅಲ್ಲೇ ಓದಿಸಿ ಕೇಳಿ. 17 ದಾಟಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ನ್ನು ಮುಂಗಡವಾಗಿಯೇ ಕೊಡಬಹುದು. ಉತ್ತರ ಬಾರದ ಅರ್ಜಿಯನ್ನು ಹಲಗೆಯಿಂದ ಅಳಿಸಬೇಡಿ, ಪಕ್ಕದಲ್ಲೇ ಮುಂದಿನ ಸಭೆಯ ದಿನಾಂಕ ಬರೆಯಿರಿ.